ಸ್ಯಾಮ್‌ಸಂಗ್ ಫೋನಿನ ಒನ್ ಯುಐ ಒಳ್ಳೇದಾ, ಶವೋಮಿ ಫೋನಿನ ಹೈಪರ್‌ಓಎಸ್ ಒಳ್ಳೇದಾ? ಕೆಲಸಕ್ಕೆ ಬೇಸ್ ವೇರಿಯಂಟ್ (ಕಮ್ಮಿ ರ‍್ಯಾಮ್, ಕಮ್ಮಿ ಸ್ಟೋರೇಜಿಂದು) ಸಾಕಲ್ವಾ?

ಯುಐ, ಅಂದ್ರೆ ಸ್ಕ್ರೀನ್ ಮೇಲೆ ಕಾಣೋ ಸಾಫ್ಟ್‌ವೇರ್ ಬಗ್ಗೆ ಮೊದ್ಲು ಕೇಳಿ ವೇರಿಯಂಟ್ ವಿಷ್ಯ ಕೊನೇಲಿ "ಸಾಕಲ್ವಾ" ಅಂತ ಮುಗಿಸಿದೀರಲ್ಲ, ನಾನೂ ಥೇಟ್ ಹಿಂಗೇ ಫೋನ್ ತಗೊಂಡೋನು.

ನಾನು ಕೋಲಾರ ಎಪಿಎಂಸೀಲಿ ಒಂದು ಟೊಮೆಟೊ ಮಂಡೀಲಿ ಲೆಕ್ಕ ಬರೆಯೋನು. ಹರಾಜಾದ್ಮೇಲೆ ಬಾಕ್ಸ್ ಫೋಟೊ, ಬಿಲ್ ಫೋಟೊ, ಲಾರಿ ನಂಬರ್ ಫೋಟೊ, ಎಲ್ಲಾ ಹೊರರಾಜ್ಯದ ಪಾರ್ಟಿಗಳಿಗೆ ವಾಟ್ಸಾಪಲ್ಲೇ ಹೋಗ್ಬೇಕು. ಫೋನ್ ತಗೊಳ್ಳೋ ಮುಂಚೆ ರಾತ್ರಿಯೆಲ್ಲ ಯೂಟ್ಯೂಬ್ ನೋಡಿ ಯಾವ ಯುಐ ಸ್ಮೂತು, ಯಾವುದ್ರಲ್ಲಿ ಆಡ್ ಬರುತ್ತೆ, ಯಾವುದ್ರಲ್ಲಿ ಐಕಾನ್ ಚೆನ್ನಾಗಿದೆ ಅಂತ ಪಂಡಿತ ಆಗೋಗಿದ್ದೆ. ಕ್ಲಾಕ್ ಟವರ್ ಹತ್ರ ಅಂಗಡಿಗೆ ಹೋದೆ, ಡೆಮೊ ಪೀಸ್ ಬೆಣ್ಣೆ ಥರ ಓಡ್ತಿತ್ತು, ಅದು 6/128, ಅಂದ್ರೆ 6 ಜಿಬಿ ರ‍್ಯಾಮು, 128 ಜಿಬಿ ಸ್ಟೋರೇಜು. ನಾನು ದುಡ್ಡು ಉಳಿಸೋಣ ಅಂತ 4/64 ಕೇಳ್ದೆ. ಅಂಗಡಿ ಹುಡುಗ "ಅಣ್ಣಾ ಎರಡೂ ಒಂದೇ, ಒಳಗೆ ಜಾಗ ಕಮ್ಮಿ ಅಷ್ಟೇ, ಕಾರ್ಡ್ ಹಾಕ್ಕೊಳ್ಳಿ" ಅಂದ. ಆಯ್ತಲ್ಲ ಅಂತ ತಗೊಂಡ್ ಬಂದೆ.

ಎರಡೂ ಒಂದೇ ಅಲ್ಲ ಕಣ್ರೀ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೋರಾದ್ರೂ ಓದಿ. ಆ ಮಾಡೆಲ್ಲಲ್ಲಿ 128ಕ್ಕೆ ಹಾಕಿದ್ದು ಯುಎಫ್‌ಎಸ್ ಅನ್ನೋ ವೇಗದ ಸ್ಟೋರೇಜ್ ಚಿಪ್ಪು, 64ಕ್ಕೆ ಹಾಕಿದ್ದು ಇಎಂಎಂಸಿ ಅನ್ನೋ ಹಳೇ ಥರದ್ದು. ಇಎಂಎಂಸಿ ಒಂದ್ಸಲಕ್ಕೆ ಓದುತ್ತೆ ಇಲ್ಲಾ ಬರೆಯುತ್ತೆ, ಎರಡೂ ಒಟ್ಟಿಗೆ ಮಾಡಲ್ಲ. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತೆ. ಇಎಂಎಂಸಿ 5.1ರ ಮಿತಿನೇ ಸೆಕೆಂಡಿಗೆ 400 ಎಂಬಿ, ಯುಎಫ್‌ಎಸ್ 2.2 ಅಂದ್ರೆ 1200ರ ತನಕ. ಬಾಕ್ಸ್ ಮೇಲೆ ಇದು ಎಲ್ಲೂ ಬರೆದಿರ್ಲಿಲ್ಲ, ಎರಡಕ್ಕೂ ಅದೇ ಹೆಸರು, ಅದೇ ಬಣ್ಣ. 64ರಲ್ಲಿ ಸಿಸ್ಟಮ್ಮೇ ಒಂದಿಷ್ಟು ನುಂಗಿರುತ್ತೆ, ಉಳಿದಿದ್ರಲ್ಲಿ ವಾಟ್ಸಾಪ್ ಫೋಟೊ ತುಂಬ್ಕೊಳ್ಳುತ್ತೆ, ಕಾರ್ಡ್ ಹಾಕಿದ್ರೂ ವಾಟ್ಸಾಪ್ ಫೈಲೆಲ್ಲ ಇಂಟರ್ನಲ್ಲಲ್ಲೇ ಕೂರುತ್ತೆ. ಸ್ಟೋರೇಜ್ ತುಂಬ್ತಾ ಬಂದಂಗೆ ಇನ್ನೂ ನಿಧಾನ. ಇದ್ರ ಮೇಲೆ ವರ್ಚುವಲ್ ರ‍್ಯಾಮ್ ಅಂತ ಒಂದಿತ್ತು, 4+4 ಅಂತ ಸ್ಟಿಕ್ಕರ್ ಹಚ್ಚಿದ್ರು, ಅದು ನಿಜವಾದ ರ‍್ಯಾಮ್ ಅಲ್ಲ, ಅದೇ ಸುಸ್ತಾಗಿರೋ ಸ್ಟೋರೇಜಲ್ಲಿ ಜಾಗ ತಗೊಂಡು ಆಡೋ ಆಟ.

2023ರ ಜುಲೈ ನೆನಪಿರ್ಬೇಕು, 15 ಕೆಜಿ ಬಾಕ್ಸು 2000 ದಾಟಿದ್ದು. ಅವತ್ತೊಂದಿನ ಪಾರ್ಟಿ ಲೈನಲ್ಲಿದಾನೆ, ಮಾಲಿನ ಫೋಟೊ ಕಳ್ಸು ಅಂತಿದಾನೆ, ನಾನು ಕ್ಯಾಮೆರಾ ಒತ್ತಿದ್ರೆ ಕಪ್ಪು ಸ್ಕ್ರೀನು. ವಾಟ್ಸಾಪ್ ತೆಗೆದ್ರೆ ಬಿಳಿ ಸ್ಕ್ರೀನು. ಫೋಟೊ ಹೋಗೋಷ್ಟ್ರಲ್ಲಿ ಅವ್ನು ಪಕ್ಕದ ಮಂಡೀಲಿ ಲೋಡ್ ಮಾತಾಡ್ಬಿಟ್ಟಿದ್ದ. ಸಾಹುಕಾರ್ರು ಎಲ್ರ ಮುಂದೆ "ಏನಯ್ಯಾ, ಫೋಟೊ ಕಳ್ಸೋಕೂ ಮುಹೂರ್ತ ನೋಡ್ತೀಯಾ" ಅಂದ್ರು. ನಾನು ಅಷ್ಟು ಮೆಚ್ಚಿ ತಂದ ಯುಐ ಅಲ್ಲೇ ಇತ್ತು, ಐಕಾನೂ ಚೆನ್ನಾಗೇ ಕಾಣ್ತಿತ್ತು.

ಅದಕ್ಕೇ ನಿಮ್ ಪ್ರಶ್ನೇನೇ ಉಲ್ಟಾ ಅಂತೀನಿ. ಯುಐ ನಿಮ್ ಕೈಯಲ್ಲಿದ್ದಂಗೇ ಬದಲಾಗುತ್ತೆ. 2010ರಿಂದ ಇದ್ದ ಶವೋಮಿ ಎಂಐಯುಐ 2023ರಲ್ಲಿ ಹೈಪರ್‌ಓಎಸ್ ಆಯ್ತು. ಒನ್‌ಪ್ಲಸ್‌ನ ಆಕ್ಸಿಜನ್‌ಓಎಸ್ ಅಂತ ಪ್ರಾಣ ಬಿಡ್ತಿದ್ದೋರು 2021ರಲ್ಲಿ ಕಂಪನಿ ಅದನ್ನ ಒಪ್ಪೊದ ಕಲರ್‌ಓಎಸ್ ಜೊತೆ ಒಂದೇ ಕೋಡ್ ಮಾಡಿದ್ದಕ್ಕೆ ಎಷ್ಟು ಗೊಣಗಿದ್ರು. ಯುಐ ಕಾಟಕ್ಕೆಲ್ಲ ಸೆಟ್ಟಿಂಗ್ಸಲ್ಲಿ ಮದ್ದಿದೆ: ವಾಟ್ಸಾಪ್ ಮೆಸೇಜ್ ತಡವಾಗಿ ಬಂದ್ರೆ ಆ ಆ್ಯಪ್‌ಗೆ ಆಟೋಸ್ಟಾರ್ಟ್ ಕೊಡಿ, ಬ್ಯಾಟರೀಲಿ ರಿಸ್ಟ್ರಿಕ್ಷನ್ ತೆಗೀರಿ, ಮುಗೀತು. ಒಳಗಿನ ಚಿಪ್ ಬದಲಾಯ್ಸೋಕೆ ಸೆಟ್ಟಿಂಗ್ಸ್ ಇಲ್ಲ.

ಇದು ಕಮ್ಮಿ ರೇಟಿನ ಫೋನ್ ಕಥೆ ಮಾತ್ರ ಅಂದ್ಕೋಬೇಡಿ. ಗ್ಯಾಲಕ್ಸಿ ಎಸ್23ರಲ್ಲಿ 128ಕ್ಕೆ ಯುಎಫ್‌ಎಸ್ 3.1, 256ಕ್ಕೆ ಅದಕ್ಕಿಂತ ವೇಗದ 4.0. ಗ್ಯಾಲಕ್ಸಿ ಎಸ್24 ಅಮೆರಿಕದಲ್ಲಿ ಸ್ನಾಪ್‌ಡ್ರಾಗನ್ ಪ್ರೊಸೆಸರು, ನಮ್ ದೇಶಕ್ಕೆ ಮೊದ್ಲು ಬಂದಿದ್ದು ಎಕ್ಸಿನಾಸ್ ಪ್ರೊಸೆಸರು, ಅಂದ್ರೆ ಅಲ್ಲಿನ ರಿವ್ಯೂ ನೋಡಿ ಇಲ್ಲಿ ಆಗ ದುಡ್ಡು ಕೊಟ್ಟೋರಿಗೆ ಬಂದಿದ್ದು ಬೇರೆ ಚಿಪ್. ಒನ್‌ಪ್ಲಸ್ 12ಆರ್ 256ರಲ್ಲಿ ಯುಎಫ್‌ಎಸ್ 4.0 ಅಂತ ಹೇಳಿ ಆಮೇಲೆ 3.1 ಅಂತ ಕಂಪನಿನೇ ಒಪ್ಕೊಂಡು 2024ರಲ್ಲಿ ಬೇಕಾದೋರಿಗೆ ರಿಫಂಡ್ ಕೊಡ್ತೀವಿ ಅಂತು.

ನಿಮಗೆ ಒನ್ ಯುಐ ಇಷ್ಟ ಆದ್ರೆ ಅದನ್ನೇ ತಗೊಳ್ಳಿ, ಹೈಪರ್‌ಓಎಸ್ ಇಷ್ಟ ಆದ್ರೆ ಅದು, ನಂಗೇನೂ ತಕರಾರಿಲ್ಲ. ಆದ್ರೆ ಅಂಗಡಿಗೆ ಹೋಗೋ ಮುಂಚೆ ಫೋನ್ ವಿವರ ಕೊಡೋ ಜಿಎಸ್‌ಎಂ ಅರೀನಾ ವೆಬ್‌ಸೈಟಲ್ಲಿ ಆ ಮಾಡೆಲ್ ತೆಗೆದು ಮೆಮೊರಿ ಅನ್ನೋ ಸಾಲು ಓದಿ, ಇಎಂಎಂಸಿ ಅಂತ ಕಂಡ್ರೆ ಬಿಟ್ಬಿಡಿ. ಬಜೆಟ್ ಏರ್ಸೋಕಾಗಲ್ಲ ಅಂದ್ರೆ ಹೊಸ ಮಾಡೆಲ್ ಬೇಸ್ ಬದಲು ಅದೇ ಕಂಪನಿಯ ಹೋದ ವರ್ಷದ್ದು 8/256 ಹುಡುಕಿ, ಇನ್ನೂ ಎಷ್ಟು ವರ್ಷ ಅಪ್‌ಡೇಟ್ ಇದೆ ಅಂತ ಮಾತ್ರ ನೋಡ್ಕೊಳ್ಳಿ. ಬಿಲ್ಲಲ್ಲಿ ವೇರಿಯಂಟ್ ಬರೆಸ್ಕೊಳ್ಳಿ, ಸೀಲ್ ಒಡೆಯೋ ಮುಂಚೆ ಬಾಕ್ಸ್ ಮೇಲಿನ ಸ್ಟಿಕ್ಕರ್ ಜೊತೆ ತಾಳೆ ನೋಡಿ, ಡೆಮೊ ಪೀಸ್ ಕೈಗೆ ಕೊಟ್ರೆ "ಇದು ಎಷ್ಟು ಜಿಬೀದು" ಅಂತ ಮೊದ್ಲು ಕೇಳಿ.