ಸೋಫಾ ಬಿಟ್ಟರೆ ಕೂತುಬಿಡುವ ಮಗು

15 ತಿಂಗಳ ಮಗಳು ಸೋಫಾ ಹಿಡಿದು ಓಡಾಡ್ತಾಳೆ, ಕೈಬಿಟ್ಟರೆ ಕೂತುಬಿಡ್ತಾಳೆ, ವಾಕರ್ ತರಲಾ ಅಂತ ಕೇಳಿದ್ದೀರಿ. ವಾಕರ್ ಖಂಡಿತ ಬೇಡ. ಅದರಲ್ಲಿ ತುದಿಗಾಲಲ್ಲಿ ನೂಕ್ತಾರೆ ಅಷ್ಟೇ, ಸಮತೋಲನ ಬರಲ್ಲ.

ಸೋಫಾದಿಂದ ಒಂದು ಗೇಣು ದೂರಕ್ಕೆ ಭಾರದ ಸ್ಟೂಲ್ ಇಡಿ (ಪ್ಲಾಸ್ಟಿಕ್ ಕುರ್ಚಿ ಜಾರುತ್ತೆ). ಆರಾಮಾಗಿ ದಾಟಿದ ಮೇಲೆ ನಾಲ್ಕು ನಾಲ್ಕು ಬೆರಳಷ್ಟು ಸರಿಸುತ್ತಾ ಹೋಗಿ, ಒಂದು ಹೆಜ್ಜೆಗಾದರೂ ಕೈ ಬಿಡಲೇಬೇಕಾಗುವ ತನಕ. ಎರಡೂ ಕೈಗೆ ಒಂದೊಂದು ಚೆಂಡು ಕೊಟ್ಟು ನೋಡಿ, ಹಿಡಿಯೋದು ಮರೆತು ನಿಂತಿರ್ತಾಳೆ. ಕೈ ಮೇಲೆತ್ತಿ ನಡೆಸಬೇಡಿ, ಮೈ ಮುಂದಕ್ಕೆ ವಾಲುತ್ತೆ. ಹಿಂದೆ ಕೂತು ಸೊಂಟ ಹಿಡೀರಿ. ಚಳಿ ಅಂತ ಟೈಲ್ಸ್ ಮೇಲೆ ಸಾಕ್ಸ್ ಹಾಕ್ಬೇಡಿ, ಬರಿಗಾಲೇ ಸರಿ.

18 ತಿಂಗಳಾದರೂ ನಡೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಎಳೆದರೆ, ಸದಾ ತುದಿಗಾಲಲ್ಲೇ ನಿಂತರೆ ಈಗಲೇ.