ಅಮ್ಮ ನಾಯಿ ಹತ್ತಿರ ಮಾತ್ರ ಮಾತಾಡುತ್ತಾರೆ

ಪ್ರಶ್ನೆ: ಸೋಮವಾರಪೇಟೆ ಹತ್ತಿರ, ತೋಟದೊಳಗೆ ನಮ್ಮ ಮನೆ. ಅಮ್ಮನಿಗೆ 72. ಅಪ್ಪ ತೀರಿಕೊಂಡ ಮೇಲೆ ಮಂಕಾಗಿಬಿಟ್ಟರು. ಡಾಕ್ಟರ್ ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ. ನಮ್ಮ ಹತ್ತಿರ ಮಾತಿಲ್ಲ, ಆದರೆ ಪಕ್ಕದ ಮನೆ ನಾಯಿ ಬಂದರೆ ಎದ್ದು ಕೂತು ಅನ್ನ ಹಾಕಿ ಮಾತಾಡಿಸುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ, ಲ್ಯಾಬ್ರಡಾರ್ ಮರಿ ತರುತ್ತೇನೆ, ಆಮೇಲೆ ಮಾತ್ರೆ ಯಾಕೆ ಅನ್ನುತ್ತಾನೆ. ತರಿಸಲಾ?

ಉತ್ತರ: ಮರಿ ಬೇಡ. ಮಾತ್ರೆಯನ್ನಂತೂ ಡಾಕ್ಟರ್ ಹೇಳದೆ ನಿಲ್ಲಿಸಲೇಬೇಡಿ.

ನೀವು ಕಂಡಿದ್ದು ಮಾತ್ರ ನಿಜ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ತೆರೆದ 'ರಿಟ್ರೀಟ್' ಎಂಬ ಆಸ್ಪತ್ರೆಯಲ್ಲಿ, ಬೇರೆ ಕಡೆ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದ ಕಾಲದಲ್ಲೇ, ಅಂಗಳದಲ್ಲಿ ಕೋಳಿ, ಮೊಲ ಸಾಕಿ ಅವುಗಳ ಜೊತೆ ಹೊತ್ತು ಕಳೆಯಲು ಬಿಡುತ್ತಿದ್ದರು. ಈಗ ಇದನ್ನೇ ಚಿಕಿತ್ಸೆಯಾಗಿ ಮಾಡುವಾಗ ಪಳಗಿದ ಪ್ರಾಣಿ, ಅದನ್ನು ಹಿಡಿದುಕೊಳ್ಳುವವರು, ಥೆರಪಿಸ್ಟ್ ಎಲ್ಲರೂ ಇರುತ್ತಾರೆ. ಮಾತ್ರೆ, ಮಾತುಕತೆಯ ಜೊತೆಗೆ ಇದು, ಅವುಗಳ ಬದಲಿಗೆ ಅಲ್ಲ.

ನಾವು ಅಮ್ಮನನ್ನು ನೋಡಿದಾಗೆಲ್ಲ 'ಊಟ ಆಯ್ತಾ, ಮಾತ್ರೆ ನುಂಗಿದ್ರಾ, ಯಾಕೆ ಹೀಗಿದ್ದೀರಿ' ಅಂತ ಕೇಳುತ್ತೇವೆ ಅಲ್ವಾ? ನಾಯಿ ಏನನ್ನೂ ಕೇಳುವುದಿಲ್ಲ. ಸುಮ್ನೆ ಬಂದು ಪಕ್ಕದಲ್ಲಿ ಮಲಗುತ್ತದೆ, ಹಸಿವಾದರೆ ಬಾಗಿಲ ಹತ್ತಿರ ನಿಲ್ಲುತ್ತದೆ. ಎಷ್ಟೋ ದಿನದಿಂದ ಬರೀ ನೋಡಿಸಿಕೊಳ್ಳುತ್ತಿದ್ದ ಜೀವಕ್ಕೆ ಒಂದು ಜೀವವನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ.

ಮರಿ ಯಾಕೆ ಬೇಡ ಅಂದರೆ, ಅದು ಹಾರುತ್ತದೆ, ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಈ ಕಾಯಿಲೆಯ ಕೆಲವು ಮಾತ್ರೆಗಳಿಂದ ತಟ್ಟನೆ ಎದ್ದರೆ ತಲೆ ತಿರುಗುತ್ತದೆ, ಮೇಲೆ ನಮ್ಮ ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏಳುವುದು ಬಹಳ ಕಷ್ಟ. ಗೊತ್ತಿರುವ ಆ ಪಕ್ಕದ ಮನೆ ನಾಯಿಯೇ ಸಾಕು. ಅದಕ್ಕೆ ರೇಬಿಸ್ ಲಸಿಕೆ ಹಾಕಿಸಿದ್ದಾರಾ ಕೇಳಿ, ಇಲ್ಲದಿದ್ದರೆ ನೀವೇ ದುಡ್ಡು ಕೊಟ್ಟು ಹಾಕಿಸಿ. ಮೈಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಇದೆಯಾ ನೋಡಿ. ದಿನಾ ಒಂದೇ ಹೊತ್ತಿಗೆ ಬರಲಿ, ಅಮ್ಮ ಜಗಲಿಯಲ್ಲಿ ಗಟ್ಟಿ ಕುರ್ಚಿಯಲ್ಲಿ ಕೂತಿರಲಿ, ಅನ್ನ ಅವರೇ ಹಾಕಲಿ, ನೀವು ಹತ್ತಿರದಲ್ಲೇ ಇರಿ. ಆದರೆ ಮಧ್ಯೆ ಬಾಯಿ ಹಾಕಬೇಡಿ.

ಊಟ ಬಿಟ್ಟರೆ, ಸಾಯುವ ಮಾತಾಡಿದರೆ ನಾಯಿಯನ್ನು ನಂಬಿ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಅಮ್ಮ ನಾಯಿ ಹತ್ತಿರ ಏನು ಹೇಳುತ್ತಾರೆ, ಅಪ್ಪನ ಹೆಸರು ಬರುತ್ತದಾ, ಎಷ್ಟು ಹೊತ್ತು ಕೂರುತ್ತಾರೆ, ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಸಲ ಡಾಕ್ಟರ್‌ಗೆ ತೋರಿಸಿ.