ಸೊಲ್ಲಾಪುರದ ಡಾಕ್ಟರ್ ಕೋಟ್ನಿಸ್: ಮೈಸೂರಿನ ಮಿತ್ರರಿಗೊಂದು ಉತ್ತರ

ಮನೆಯಲ್ಲಿ ಮರಾಠಿ ಆಡುತ್ತಿದ್ದ, ಚೀನಾದ ಮಣ್ಣಿನಲ್ಲಿ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರನ್ನು ಸೊಲ್ಲಾಪುರದ ಕನ್ನಡಿಗರಾದ ನೀವು ‘ನಮ್ಮ ಡಾಕ್ಟರು’ ಎಂದು ಏಕೆ ಕರೆಯುತ್ತೀರಿ ಎಂದು ಕೇಳಿದ್ದೀರಿ. ದೂರದಿಂದ ನೋಡುವವರಿಗೆ ಈ ಪ್ರಶ್ನೆ ಏಳುವುದು ಸಹಜ. ಉತ್ತರಿಸಲು ಮೊದಲು ಊರಿನ ವಿಷಯ ಸ್ವಲ್ಪ ಹೇಳಬೇಕು.

ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ನಡೆಯುವ ಅವರ ಜಾತ್ರೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಒಂದರೊಳಗೊಂದು ಬೆರೆತು ಕೇಳಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಟ್ಟೆ ಗಿರಣಿಗಳು ತಲೆ ಎತ್ತಿದಾಗ ಸುತ್ತಲಿನ ಹಳ್ಳಿಗಳಿಂದ ಕನ್ನಡಿಗರೂ ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರೂ ಬಂದು ಸೇರಿದರು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಜಾರಿಯಾಗಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ಎತ್ತುವುದೂ ಇಲ್ಲ. ಆದರೆ ಒಂದೇ ಓಣಿಯಲ್ಲಿ ಮೂರು ಭಾಷೆ ಆಡುವವರು ತಮ್ಮ ಊರಿನ ಹಿರಿಯರನ್ನು ಮನೆಮಾತು ನೋಡಿ ಪಾಲು ಹಂಚಿಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ತಾವು ಗಮನಿಸಬೇಕು.

ಕೋಟ್ನಿಸರು ಹುಟ್ಟಿದ್ದು ಈ ಗಿರಣಿಗಳ ಊರಿನಲ್ಲಿ, 1910ರ ಅಕ್ಟೋಬರ್ 10ರಂದು. ತಂದೆ ಶಾಂತಾರಾಮ ಕೋಟ್ನಿಸರು ಗಿರಣಿಯ ನೌಕರಿಯ ಜೊತೆಗೆ ಪುರಸಭೆಯ ಕೆಲಸದಲ್ಲಿಯೂ ತೊಡಗಿಕೊಂಡಿದ್ದವರು. ಮಕ್ಕಳು ಹೆಚ್ಚು, ಆದಾಯ ಮಿತವಾದದ್ದು. ಅಂಥ ಮನೆಯಿಂದ ಮಗ ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿಗೆ ಹೋಗಿ ಡಾಕ್ಟರಾಗಿದ್ದೇ ದೊಡ್ಡ ಮಾತು. ಮುಂದಿನ ಓದಿನ ಸಿದ್ಧತೆಯಲ್ಲಿದ್ದಾಗ, 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ವೈದ್ಯರನ್ನು ಕಳಿಸಬೇಕೆಂಬ ಮನವಿ ಚೀನೀ ಕಮ್ಯುನಿಸ್ಟ್ ಸೈನ್ಯದ ಜನರಲ್ ಝೂ ದೆ ಅವರಿಂದ ನೆಹರೂ ಅವರಿಗೆ ಬಂತು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನರ ಮುಂದೆ ಕೈಯೊಡ್ಡಿ ಹಣ ಕೂಡಿಸಿದರು. ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್ ಎಂಬ ಐವರು ವೈದ್ಯರು ಆ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ನಾಲ್ವರು ಒಬ್ಬೊಬ್ಬರಾಗಿ ತಾಯ್ನಾಡಿಗೆ ಮರಳಿದರು, ಕೋಟ್ನಿಸರು ಮರಳಲಿಲ್ಲ.

ಅವರ ಸಾಹಸದ ಕಥೆ ತಮಗೆ ಎಲ್ಲಿಯಾದರೂ ಸಿಕ್ಕೀತು. 1940ರ ಯುದ್ಧದ ಒಂದು ಸಂದರ್ಭದಲ್ಲಿ 72 ಗಂಟೆ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂಬುದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮಂಥ ಗಡಿಯ ಜನರ ಮನಸ್ಸಿಗೆ ಹೆಚ್ಚು ತಾಕುವುದು ಅವರು ಚೀನೀ ಭಾಷೆಯನ್ನು ಕಲಿತ ರೀತಿ. ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ಕಾಲ ಕಳೆಯಬಹುದಿತ್ತು. ಅವರು ಮಾತು ಕಲಿತದ್ದಷ್ಟೇ ಅಲ್ಲ, ಅಕ್ಷರವನ್ನೂ ಕಲಿತು, ಅದೇ ಭಾಷೆಯಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯವನ್ನೂ ಬರೆಯತೊಡಗಿದರು.

ಇದರ ಬೆಲೆ ತಿಳಿಯಬೇಕಾದರೆ ಇಲ್ಲಿನ ಯಾವುದಾದರೂ ದವಾಖಾನೆಯ ಹೊರರೋಗಿಗಳ ಸಾಲಿನಲ್ಲಿ ಅರ್ಧ ದಿನ ನಿಲ್ಲಬೇಕು. ಅಕ್ಕಲಕೋಟೆಯ ಹಳ್ಳಿಗಳಿಂದ ಮಾತ್ರವಲ್ಲ, ರಾಜ್ಯದ ಗೆರೆ ದಾಟಿ ಇಂಡಿ, ಅಫಜಲಪುರ, ಆಳಂದದ ಕಡೆಯಿಂದಲೂ ಜನ ಚಿಕಿತ್ಸೆಗೆಂದು ಸೊಲ್ಲಾಪುರಕ್ಕೇ ಬರುತ್ತಾರೆ. ಅಂಥ ಊರಿನ ಮುದುಕಿಯೊಬ್ಬಳು ‘ರಾತ್ರಿಯೆಲ್ಲಾ ಎದ್ಯಾಗ ಚುಳುಕ್ ಅಂತೈತ್ರೀ, ಉಸುರು ಮ್ಯಾಲ ಬರವಲ್ದು’ ಎಂದಾಗ ಮರಾಠಿ ಮಾತ್ರ ಬಲ್ಲ ಎಳೆಯ ಡಾಕ್ಟರು ಮೊಮ್ಮಗನ ಮುಖ ನೋಡುತ್ತಾನೆ. ಮೊಮ್ಮಗ ಅರ್ಧ ಹೇಳುತ್ತಾನೆ, ಅರ್ಧ ಬಿಡುತ್ತಾನೆ. ಹೆಣ್ಣುಮಕ್ಕಳ ಕಾಯಿಲೆಯಾದರಂತೂ ಆ ಮುದುಕಿ ಮೊಮ್ಮಗನೆದುರು ಬಾಯಿಯನ್ನೇ ಬಿಡುವುದಿಲ್ಲ. ನಾಲ್ಕು ಮಾತು ಕನ್ನಡ, ನಾಲ್ಕು ಮಾತು ತೆಲುಗು ಕಲಿತ ಡಾಕ್ಟರನ ಕೋಣೆಯ ಮುಂದೆ ಸಾಲು ಏಕೆ ಉದ್ದವಾಗಿರುತ್ತದೆ ಎಂಬುದನ್ನು ಇಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ಉತ್ತರ ಚೀನಾದ ಗುಡ್ಡಗಾಡಿನ ರೈತರು ಪರದೇಶಿಯೊಬ್ಬನನ್ನು ತಮ್ಮವನೆಂದು ಏಕೆ ಒಪ್ಪಿಕೊಂಡರೆಂಬುದು ನಮಗೆ ತಾನಾಗಿಯೇ ತಿಳಿಯುತ್ತದೆ.

ಕೆನಡಾದ ವೈದ್ಯ ನಾರ್ಮನ್ ಬೆಥೂನ್ 1939ರಲ್ಲಿ ಚೀನಾದಲ್ಲೇ ತೀರಿಕೊಂಡರು; ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸರು ನಿರ್ದೇಶಕರಾದರು. ಹೆಸರು ದೊಡ್ಡದಾದರೂ ಹಳ್ಳಿಯ ಮನೆಗಳಲ್ಲೇ ನಡೆಯುತ್ತಿದ್ದ, ಜಪಾನಿ ಸೈನ್ಯ ಹತ್ತಿರ ಬಂದರೆ ರೋಗಿಗಳ ಸಮೇತ ಬೇರೆಡೆಗೆ ಹೊರಡಬೇಕಾಗಿದ್ದ ಆಸ್ಪತ್ರೆ ಅದು.

ಇನ್ನು ಅವರ ಸಂಸಾರದ ಮಾತು. ಪುಣ್ಯತಿಥಿಯ ಭಾಷಣಗಳಲ್ಲಿ ಇದನ್ನು ಎರಡು ವಾಕ್ಯದಲ್ಲಿ ಮುಗಿಸಿ ತ್ಯಾಗ, ಬಲಿದಾನಗಳ ಕಡೆ ಹೊರಳಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ತಂಡವು ಚೀನೀ ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನಿಗೆ ಹೊರಡುವ ಹೊತ್ತಿಗೆ ತಂದೆ ತೀರಿಕೊಂಡ ಸುದ್ದಿ ಬಂದಿತ್ತು. ಜೊತೆಯವರು ಊರಿಗೆ ಹೋಗೆಂದರೂ ಅವರು ಮುಂದಕ್ಕೇ ನಡೆದರು. ಗಳಿಸುವ ವಯಸ್ಸಿನ ಮಗ ಬಾರದೆ ಉಳಿದಾಗ ಆ ದೊಡ್ಡ ಸಂಸಾರದ ಭಾರ ಹಿಂದೆ ಉಳಿದವರ ಹೆಗಲಿಗೆ ಬಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಮನೆ ಬೇಡವಾಗಿ ಹೋದವರು ಅವರಾಗಿರಲಿಲ್ಲ. ಬೆಥೂನ್ ಆಸ್ಪತ್ರೆಯ ದಾದಿ ಗುವೊ ಚಿಂಗ್ಲಾನ್ ಅವರನ್ನು 1941ರ ಕೊನೆಯಲ್ಲಿ ಮದುವೆಯಾದರು. ಮರುವರ್ಷ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಭಾರತ, ಚೀನಾ ಎರಡೂ ಸೇರುವಂತೆ ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು. ಅಷ್ಟರಲ್ಲಿ ಅಪಸ್ಮಾರ ಅವರನ್ನು ಪದೇ ಪದೇ ಕೆಡವುತ್ತಿತ್ತು. 1942ರ ಡಿಸೆಂಬರ್ 9ರಂದು, ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, 32ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಮಗನೂ ತಂದೆಯಂತೆ ವೈದ್ಯಕೀಯ ಓದಲು ಹೋಗಿ, ಓದು ಮುಗಿಯುವ ಮೊದಲೇ 1967ರಲ್ಲಿ ಕಣ್ಣುಮುಚ್ಚಿದ.

ಗುವೊ ಚಿಂಗ್ಲಾನ್ ಅವರು ಮುಂದೆ ಮತ್ತೊಂದು ಮದುವೆಯಾದರು. ಆದರೂ ಹಲವು ಬಾರಿ ಭಾರತಕ್ಕೆ ಬಂದು ಮೊದಲ ಗಂಡನ ಮನೆಯವರನ್ನು ಕಂಡು ಹೋದರು. ಒಂದು ವರ್ಷದ ಆಸುಪಾಸು ಮಾತ್ರ ಜೊತೆಯಾಗಿ ಬಾಳಿದ ಗಂಡನ ಅಕ್ಕತಂಗಿಯರೊಡನೆ ಅವರು 2012ರಲ್ಲಿ ತಾವು ತೀರಿಕೊಳ್ಳುವವರೆಗೂ ಉಳಿಸಿಕೊಂಡ ಬಾಂಧವ್ಯ, ಎರಡು ಸರ್ಕಾರಗಳು 1962ರಲ್ಲಿ ಯುದ್ಧ ಮಾಡಿದರೂ ಕಡಿಯಲಿಲ್ಲ. ಚೀನಾದಿಂದ ಬರುವ ನಾಯಕರು ಕೋಟ್ನಿಸರ ಬಂಧುಗಳನ್ನು ಭೇಟಿಯಾಗುವ ಪದ್ಧತಿ ಪತ್ರಿಕೆಗಳಿಗೆ ಸುದ್ದಿಯಾದೀತು. ನಾನು ಆ ಅತ್ತಿಗೆ ನಾದಿನಿಯರ ಸಂಬಂಧಕ್ಕೇ ಹೆಚ್ಚಿನ ತೂಕ ಕೊಡುತ್ತೇನೆ.

ಕೋಟ್ನಿಸರ ಸಮಾಧಿ ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿದೆ. ಇಲ್ಲಿ ಭೈಯ್ಯಾ ಚೌಕದಲ್ಲಿರುವ ಅವರ ಮನೆಯನ್ನು ಮಹಾನಗರಪಾಲಿಕೆ ಸ್ಮಾರಕವಾಗಿ ಉಳಿಸಿದೆ. ತಾವು ಸಂಕ್ರಾಂತಿಯ ಜಾತ್ರೆಗೆ ಬರುವುದಾದರೆ ಸಿದ್ಧೇಶ್ವರನ ಗುಡಿ ನೋಡಿದ ಮೇಲೆ ಅಲ್ಲಿಗೂ ಒಂದು ಸಲ ಹೋಗಿಬನ್ನಿ. ರಿಕ್ಷಾದವರಿಗೆ ‘ಕೋಟ್ನಿಸ್ ಡಾಕ್ಟರ್ ಮನಿ’ ಎಂದು ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ.